ಹೆಸರು ಸರಿ ಇದೆ, ಮುಂದುವರಿಯಿರಿ

ಬಾದಾಮಿ ಅಂಗಡಿಯ ಹುಡುಗಿ ಮೊಬೈಲ್ ನೋಡುತ್ತ ಕುಳಿತಳು, ಆರ್ಡರ್ ಹಾಕುವುದನ್ನು ಮರೆತಳು, ಒಂದು ಮದುವೆ ಮನೆಯ ಐದು ಸೀರೆ ನೇಯದೆ ಉಳಿದವು. ಇಳಕಲ್ಲಿನಲ್ಲಿ ಕಥೆ ಇಷ್ಟೇ. ಹುನಗುಂದಕ್ಕೆ ಬರುವಷ್ಟರಲ್ಲಿ ಅವಳ ಕಿವಿಗೆ ಒಂದು ಇಯರ್‌ಫೋನ್ ಬಂದಿತ್ತು. ಬಾಗಲಕೋಟೆ ತಲುಪಿದಾಗ ಆ ಇಯರ್‌ಫೋನಿನ ಇನ್ನೊಂದು ತುದಿಯಲ್ಲಿ ಯಾರಿದ್ದರು ಎಂಬುದೂ ಜನರಿಗೆ ತಿಳಿದಿತ್ತು.

ಕಾಲೇಜಿನ ನಾಲ್ಕು ವರ್ಷ ಚರ್ಚಾ ಸ್ಪರ್ಧೆಗಳಲ್ಲಿ ಮಾತಾಡಿ ಬೆಳೆದವಳು ನಾನು. ಎದುರು ಪಕ್ಷದ ವಾದವನ್ನು ಮೊದಲು ಅಂಶ ಅಂಶವಾಗಿ ಬಿಡಿಸಬೇಕು ಎಂದು ಕಲಿಸಿದ್ದರು. ಬಿಡಿಸುತ್ತೇನೆ. ಅವಳು ಹುಡುಗಿಯಲ್ಲ, ಇಬ್ಬರು ಮಕ್ಕಳ ತಾಯಿ, ನನಗಿಂತ ಹತ್ತು ವರ್ಷ ದೊಡ್ಡವಳು. ಅವಳ ಮೊಬೈಲು ಗುಂಡಿ ಒತ್ತುವಂಥದ್ದು. ಅದರಲ್ಲಿ ನೋಡಲಿಕ್ಕೆ ಗಡಿಯಾರ ಬಿಟ್ಟರೆ ಏನೂ ಇಲ್ಲ. ಆರ್ಡರ್ ಹಾಕುವುದನ್ನು ಅವಳು ಮರೆತಿರಲಿಲ್ಲ. ಹಾಗಾದರೆ ಕಥೆಯಲ್ಲಿ ಉಳಿದದ್ದೇನು? ಸೀರೆ ನೇಯದೆ ಉಳಿದವು ಎಂಬುದೊಂದೇ. ಅದು ಖರೆ. ಸುಳ್ಳಿಗೂ ನಿಲ್ಲಲಿಕ್ಕೆ ಒಂದಾದರೂ ಖರೆ ಕಾಲು ಬೇಕಲ್ಲ.

ಆ ಕಥೆಗೆ ಸಾಕ್ಷಿ ಬರೆದುಕೊಟ್ಟವಳು ನಾನೇ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಬಾಗಲಕೋಟೆಯ ನವನಗರದಲ್ಲಿ ಒಂದು ಝೆರಾಕ್ಸ್ ಅಂಗಡಿಯ ಮೇಲಿನ ಎರಡು ಕೋಣೆಯೇ ನಮ್ಮ ಕಂಪನಿ. ನಮ್ಮ ಸರ್, ನಾನು, ಕೆಟ್ಟುಹೋದ ಒಂದು ಎಸಿ. ಅಂಗಡಿಗಳಿಗೆ ಪ್ರೋಗ್ರಾಂ ಬರೆದುಕೊಡುವುದು ಕೆಲಸ. ಇಳಕಲ್ಲಿನ ಒಬ್ಬ ಸೀರೆ ವ್ಯಾಪಾರಿ ನಮ್ಮ ದೊಡ್ಡ ಗಿರಾಕಿ. ಊರೆಲ್ಲ ಅವರನ್ನು ಸಾಹುಕಾರರು ಎನ್ನುತ್ತದೆ, ನಾವೂ ಅಂದೆವು. ಮೂಲ ಅಂಗಡಿ ಇಳಕಲ್ಲಿನಲ್ಲಿ. ಹುನಗುಂದ, ಬಾದಾಮಿ, ಬಾಗಲಕೋಟೆಗಳಲ್ಲಿ ಒಂದೊಂದು ಶಾಖೆ.

ಮೊದಲು ಆರ್ಡರುಗಳು ಚೀಟಿಯಲ್ಲಿ ಹೋಗುತ್ತಿದ್ದವು. ಬಾದಾಮಿಯಲ್ಲಿ ಗಿರಾಕಿ ಬಣ್ಣ, ದಡಿ, ಸೆರಗು ಹೇಳಿದರೆ ಅದನ್ನು ಚೀಟಿಯಲ್ಲಿ ಬರೆದು, ಮಡಚಿ, ಇಳಕಲ್ ಬಸ್ಸಿನ ಕಂಡಕ್ಟರನ ಕೈಗೆ ಕೊಡುವುದು. ಸಂಜೆಯೊಳಗೆ ನೇಕಾರರ ಮನೆಗೆ ಸುದ್ದಿ ಮುಟ್ಟುತ್ತಿತ್ತು. ಮುಟ್ಟಲೇಬೇಕಿತ್ತು. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಗೆ ಕೊಂಡಿ ಹಾಕಿ ಜೋಡಿಸಿದ ಮೇಲೆಯೇ ಮಗ್ಗದ ಕೆಲಸ. ಹೇಳಿ ಮಾಡಿಸುವ ಸೀರೆಯನ್ನು ನಾಳೆ ಬೇಕು ಎಂದು ಇವತ್ತು ಹೇಳಲು ಬರುವುದಿಲ್ಲ. ಈ ಚೀಟಿಯ ಜಾಗಕ್ಕೆ ನಾವು ಕಂಪ್ಯೂಟರ್ ತಂದೆವು. ಮಾರಾಟದ ಬಿಲ್ಲು ಹಳೆಯ ಪುಸ್ತಕದಲ್ಲೇ ಇರಲಿ, ಆರ್ಡರಷ್ಟೇ ಪ್ರೋಗ್ರಾಂನಲ್ಲಿ ಎಂದು ಮಾತಾಯಿತು.

ಇಲ್ಲಿ ನನ್ನ ಕೆಲಸದ ಒಂದು ಸಣ್ಣ ಸಂಗತಿ ಹೇಳಬೇಕು. ಅಂಗಡಿಯಲ್ಲಿರುವ ಪ್ರೋಗ್ರಾಂಗೆ ಮಾಹಿತಿ ಎಲ್ಲಿದೆ ಎಂಬುದು ಗೊತ್ತಿರುವುದಿಲ್ಲ. ಅದಕ್ಕೆ ಗೊತ್ತಿರುವುದು ಒಂದು ಹೆಸರು ಮಾತ್ರ. ಡೇಟಾ ಸೋರ್ಸ್ ಹೆಸರು ಎನ್ನುತ್ತೇವೆ. ಆ ಹೆಸರು ಹಿಡಿದು ಯಾವ ಊರಿನ ಯಾವ ಯಂತ್ರಕ್ಕೆ ಹೋಗಬೇಕು ಎಂಬ ವಿಳಾಸ ಪ್ರತಿ ಕಂಪ್ಯೂಟರಿನಲ್ಲಿ ಬೇರೆಯಾಗಿ, ಒಂದು ಪಟ್ಟಿಯಲ್ಲಿ ಇರುತ್ತದೆ. ಹೆಸರು ಒಂದು ಕಡೆ, ವಿಳಾಸ ಇನ್ನೊಂದು ಕಡೆ. ಹೆಸರನ್ನು ಪರೀಕ್ಷಿಸುವ ಕೋಡ್ ಬರೆಯುವುದು ನನ್ನ ಪಾಲಿಗೆ ಬಂದಿತ್ತು.

ಆ ಹೆಸರು ಏನಿರಬೇಕು ಎಂದು ಸಾಹುಕಾರರನ್ನು ಕೇಳಲು ಹೋದದ್ದು ನಮ್ಮ ಮೊದಲ ತಪ್ಪು.

"ಅದನ್ನೇನ್ ಕೇಳ್ತೀಯವಾ?" ಎಂದರು ಗಾದಿಯ ಮೇಲಿಂದ. "ಬೋರ್ಡಿನ ಮ್ಯಾಲ ಐತಲ್ಲ, ಅದನ್ನ ಹಾಕು."

ಬೋರ್ಡಿನ ಮೇಲೆ ಅವರ ಮನೆದೇವಿಯ ಹೆಸರಿತ್ತು. ಟೆಂಪೋದ ಮೇಲೆ, ಜನರೇಟರಿನ ಮೇಲೆ, ಹೊಲದ ಮೋಟರಿನ ಡಬ್ಬಿಯ ಮೇಲೆ ಅದೇ ಹೆಸರು. ಹಿರಿಯ ಮೊಮ್ಮಗಳಿಗೂ ಅದೇ. ಬೋರ್ಡಿನಲ್ಲಿ ಮಾತ್ರ ಮುಂದೊಂದು ಶ್ರೀ, ಹಿಂದೆ ಬ್ರಾಕೆಟ್ಟಿನೊಳಗೆ ಪ್ರಸನ್ನ, ಅದರಾಚೆ ಸೀರೆಗಳ ವ್ಯಾಪಾರಿಗಳು. ಅಷ್ಟನ್ನೂ ಇಂಗ್ಲಿಷ್ ಅಕ್ಷರದಲ್ಲಿ ಹೊಡೆದೆ. ಹೆಸರನ್ನು ಪರೀಕ್ಷಿಸಲು ಒಂದು ಸಿದ್ಧ ಫಂಕ್ಷನ್, ಅಂದರೆ ಯಾರೋ ಬರೆದಿಟ್ಟ ಕೋಡಿನ ತುಂಡು, ಮೊದಲಿನಿಂದಲೂ ಇದೆ. ಅದು ನೋಡುವುದು ಎರಡೇ ಸಂಗತಿ: ಹೆಸರು ಉದ್ದವಾಯಿತೇ, ಬಳಸಬಾರದ ಚಿಹ್ನೆ ಇದೆಯೇ. ಆ ಹೆಸರಿನದು ಏನಾದರೂ ಇದೆಯೇ ಎಂದು ಕೂಡ ಅದು ಕೇಳುವುದಿಲ್ಲ. ಹೆಣ್ಣು ನೋಡಲು ಹೋಗಿ ಜಾತಕದ ಕಾಗದದ ಅಳತೆ ನೋಡಿ ಬಂದ ಹಾಗೆ. ಆ ಫಂಕ್ಷನ್ ಸಾಹುಕಾರರು ಹೇಳಿದ ಹೆಸರನ್ನು ತಳ್ಳಿಹಾಕಿತು.

"ಯಾಕಂತ?"

"ಉದ್ದ ಆತಂತ್ರಿ. ಮೂವತ್ತೆರಡು ಅಕ್ಷರದ ಮ್ಯಾಲ ಹೋಗಬಾರದು. ಮತ್ತ ಬ್ರಾಕೆಟ್ ನಡ್ಯಾಂಗಿಲ್ರಿ."

"ದೇವಿ ಹೆಸರು ನಡ್ಯಾಂಗಿಲ್ಲ ಅಂತೈತಿ ನಿನ್ನ ಮಷೀನು?"

"ದೇವಿಗೇನೂ ಅಂದಿಲ್ರಿ. ಬ್ರಾಕೆಟ್ಟಿಗೆ ಅಂದೈತಿ."

"ಇದನ್ನ ಬರದಾಂವ ಯಾವೂರಾಂವ?"

"ಅಮೆರಿಕಾದಾಂವ ಇರಬೇಕ್ರಿ."

"ಹಂಗಾರ ಅವಂಗೇನ್ ಗೊತ್ತಾಗತೈತಿ ಬಿಡು," ಎಂದು ಅಮೆರಿಕವನ್ನು ಕ್ಷಮಿಸಿ, ದೇವಿಯ ಹೆಸರಷ್ಟೇ ಸಾಕು ಎಂದು ಒಪ್ಪಿದರು.

ಊರಿಗೆ ತಕ್ಕಂತೆ ಹೆಸರಿನ ಹಿಂದೆ ಇಳಕಲ್, ಬಾದಾಮಿ ಎಂದು ಸೇರಿಸೋಣ, ಕಲಿಸಲಿಕ್ಕೆಂದು ಮಾಡಿಟ್ಟುಕೊಳ್ಳುವ ತಾಲೀಮಿನ ಪ್ರತಿಗೆ ಬೇರೆಯೇ ಹೆಸರಿಡೋಣ ಎಂದು ನಾನು ಸೂಚಿಸಿದೆ. ಸಾಹುಕಾರರ ಮುಖ ಕೆಂಪಾಯಿತು. "ದೇವಿ ಒಬ್ಬಾಕಿ. ನೀ ಊರಿಗೊಂದು ದೇವಿ ಮಾಡಾಕ ಹೊಂಟೀಯೇನು?"

ನಮ್ಮ ಸರ್ ತಡ ಮಾಡಲಿಲ್ಲ. "ಸಾಹುಕಾರ್ರು ಹೇಳೂದು ಬರೋಬ್ಬರಿ ಐತಿ. ನಾಕೂ ಕಡೆ ಒಂದ ಹೆಸರು ಇರ್ಲಿ. ನಮಗೂ ಹಗುರು."

ತಾಂತ್ರಿಕವಾಗಿ ಅದರಲ್ಲಿ ತಪ್ಪಿಲ್ಲ, ಎಷ್ಟೋ ಕಡೆ ಹಾಗೇ ಮಾಡುತ್ತಾರೆ. ನಮ್ಮ ಕಡೆಯ ಮನೆಗಳಲ್ಲೂ ಅಜ್ಜನ ಹೆಸರನ್ನು ಮೂರು ಮೊಮ್ಮಕ್ಕಳಿಗೆ ಇಡುತ್ತಾರೆ; ಕರೆದರೆ ಮೂವರೂ ಓ ಎನ್ನುತ್ತಾರೆ. ಆದರೆ ಅಲ್ಲಿ ಯಾರಾದರೂ ಒಬ್ಬರು ಮರು ಪ್ರಶ್ನೆ ಕೇಳುತ್ತಾರೆ: ದೊಡ್ಡಾಂವನೋ, ಸಣ್ಣಾಂವನೋ, ಅಗಸಿ ಮನ್ಯಾಂವನೋ? ನನ್ನ ಕೋಡ್ ಮರು ಪ್ರಶ್ನೆ ಕೇಳುತ್ತಿರಲಿಲ್ಲ. ಸಿದ್ಧ ಫಂಕ್ಷನ್ ಸಾಲದು ಎಂದು ನಾನು ಇನ್ನೆರಡು ಪರೀಕ್ಷೆ ಸೇರಿಸಿದ್ದೆ: ಹೆಸರು ಪಟ್ಟಿಯಲ್ಲಿ ಇದೆಯೇ, ಸಂಪರ್ಕ ತೆರೆಯುತ್ತದೆಯೇ. ಮೂರೂ ಪಾಸಾದರೆ ಪರದೆಯ ಮೇಲೆ ಹಸಿರು ಗುರುತು, ಪಕ್ಕದಲ್ಲಿ ಅಚ್ಚ ಕನ್ನಡದಲ್ಲಿ: 'ಹೆಸರು ಸರಿ ಇದೆ, ಮುಂದುವರಿಯಿರಿ.' ಆ ವಾಕ್ಯದ ಬಗ್ಗೆ ನನಗೆ ಭಾಳ ಅಭಿಮಾನವಿತ್ತು.

ತರಬೇತಿ ನೀಡಲು ಬಾದಾಮಿಗೆ ಹೋದ ದಿನ ಅಂಗಡಿಯಲ್ಲಿ ಇಂಟರ್ನೆಟ್ ಇರಲಿಲ್ಲ. ಬೆಳಿಗ್ಗೆ ಒಂದು ಮಂಗ ಕೇಬಲ್ ಹಿಡಿದು ಎದುರಿನ ಮಾಳಿಗೆಗೆ ಜೋತಾಡಿ ಹೋಗಿತ್ತಂತೆ. ಬಾದಾಮಿಯಲ್ಲಿ ಇದನ್ನು ಯಾರೂ ಸುದ್ದಿ ಎಂದು ಹೇಳುವುದಿಲ್ಲ. ಇಳಕಲ್ಲಿಗೆ ಸಂಪರ್ಕವಿಲ್ಲದೆ ಕಲಿಸುವುದು ಹೇಗೆ? ಸರ್ ಅದಕ್ಕೊಂದು ದಾರಿ ಹುಡುಕಿದರು. ಆರ್ಡರುಗಳೆಲ್ಲ ಹೋಗಿ ಸೇರುವ ಇಳಕಲ್ಲಿನ ಡೇಟಾಬೇಸಿನ ಒಂದು ಪ್ರತಿಯನ್ನು ತಾಲೀಮಿಗೆಂದು ಪೆನ್‌ಡ್ರೈವಿನಲ್ಲಿ ತಂದಿದ್ದರು. ಅದನ್ನು ಬಾದಾಮಿಯ ಕಂಪ್ಯೂಟರಿಗೇ ಹಾಕಿ, ದೇವಿಯ ಹೆಸರು ಅದರ ಕಡೆ ಹೋಗುವಂತೆ ವಿಳಾಸ ತಿದ್ದಿದರು.

"ಸಂಜಿಕ ಹೋಗೂಮುಂದ ಮತ್ತ ಇಳಕಲ್ ಕಡೆ ತಿರಗಿಸಿದ್ರಾತು," ಎಂದು ಅವರು ನನಗೆ ಹೇಳಿದ್ದನ್ನು ಅರ್ಧ ಕಿವಿಯಲ್ಲಿ ಕೇಳಿದೆ. ಅರ್ಧ ಯಾಕೆಂದರೆ ಆಗ ನಾನು ಒಂದು ವಾದವನ್ನು ಗೆಲ್ಲುವುದರಲ್ಲಿದ್ದೆ.

ಎದುರಿಗೆ ಇದ್ದವಳು ಆಕೆ, ಕಥೆಯಲ್ಲಿ ಹುಡುಗಿ ಎನಿಸಿಕೊಂಡವಳು. ಬಾದಾಮಿ ಅಂಗಡಿಯಲ್ಲಿ ಚೀಟಿ ಬರೆಯುವ ಕೆಲಸ ಆರು ವರ್ಷದಿಂದ ಅವಳದೇ. ಹಸಿರು ಗುರುತನ್ನು ಸ್ವಲ್ಪ ಹೊತ್ತು ನೋಡಿ ಕೇಳಿದಳು:

"ಮೇಡಮ್ಮರ, ಹೆಸರು ಸರಿ ಐತಿ ಅಂತ ಇದು ಹೇಳತೈತಿ. ಇಳಕಲ್ಲಿಗೆ ಮುಟ್ಟಿತು ಅಂತ ಯಾವುದು ಹೇಳತೈತಿ?"

"ಹೆಸರು ಸರಿ ಇದ್ರ ಮುಟ್ಟತೈತ್ರಿ."

"ನಮ್ಮ ಓಣ್ಯಾಗ ಒಂದ ಹೆಸರಿನಾವ್ರು ಮೂರು ಮಂದಿ ಅದಾರ್ರಿ. ಟಪಾಲು ಬಂದ್ರ ಹೆಸರು ಮೂವರದೂ ಸರೀನ ಇರತೈತಿ."

ಅಂಗಡಿಯವರು ನಕ್ಕರು. ನನ್ನನ್ನು ನೋಡಿ ನಕ್ಕರೆಂದು ನನಗನಿಸಿತು. ವೇದಿಕೆಯ ಮೇಲೆ ಜನ ಎದುರು ಪಕ್ಷದ ಮಾತಿಗೆ ನಕ್ಕರೆ ತಕ್ಷಣ ಒಂದು ಉಪಮೆ ಕೊಡಬೇಕು; ಅದು ಸರಿಯಾಗಿರಬೇಕಿಲ್ಲ, ಬೇಗ ಬರಬೇಕು.

"ಅಕ್ಕಾರ, ನೀವು ಇಳಕಲ್ ಬೋರ್ಡ್ ಇದ್ದ ಬಸ್ ಹತ್ತತೀರಿ. ಹತ್ತಿದ ಮ್ಯಾಲ ಡ್ರೈವರನ್ನ ಮತ್ತ ಕೇಳ್ತೀರೇನು, ಇದು ಇಳಕಲ್ಲಿಗೆ ಹೋಗತೈತೇನು ಅಂತ?"

"ಕೇಳ್ತೇನಲ್ರಿ," ಎಂದಳು. "ಎಲ್ಲಾರೂ ಕೇಳ್ತಾರ."

ಖರೆ. ಎಲ್ಲರೂ ಕೇಳುತ್ತಾರೆ. ನಾನೂ ಕೇಳುತ್ತೇನೆ. ನನ್ನ ನಾಲ್ಕು ವರ್ಷದ ಚರ್ಚೆಗಳಲ್ಲಿ ಇಷ್ಟು ಚಿಕ್ಕ ಮಾತಿನಲ್ಲಿ ನನ್ನನ್ನು ಯಾರೂ ಸೋಲಿಸಿರಲಿಲ್ಲ. ಆದರೆ ಸೋತದ್ದನ್ನು ತೋರಿಸಿಕೊಳ್ಳದೆ ಮುಂದಿನ ಅಂಶಕ್ಕೆ ಹೋಗುವುದನ್ನೂ ಅಲ್ಲಿಯೇ ಕಲಿಸುತ್ತಾರೆ. ಮನುಷ್ಯರಿಗೆ ಗೊಂದಲವಾಗುತ್ತದೆ, ಮಷೀನಿಗೆ ಆಗುವುದಿಲ್ಲ. ಮೂರು ಹಂತದ ಪರೀಕ್ಷೆ ಇದೆ. ಸಂಶಯಕ್ಕೂ ಒಂದು ಮಿತಿ ಬೇಕು ಎಂದು ಸುರಿದೆ. ಕೊನೆಗೆ ಆಕೆ, "ಹಂಗಾರ ಒಂದ್ ತಿಂಗಳು ಇದರ ಜೋಡಿ ಚೀಟಿನೂ ಕಳಸ್ತೇನ್ರಿ," ಎಂದಳು.

"ಬ್ಯಾಡ್ರಿ," ಎಂದೆ. "ಎರಡೂ ಇಟಗೊಂಡ್ರ ಯಾವದೂ ನೆಟ್ಟಗ ಆಗೂದಿಲ್ಲ."

ಸರ್ ತಲೆಯಾಡಿಸಿದರು. ಚೀಟಿ ಅವತ್ತೇ ನಿಂತಿತು. ಸಂಜೆ ನಾಲ್ಕಕ್ಕೆ ಕೇಬಲ್ ಸರಿಯಾಯಿತು, ಐದರ ಬಸ್ಸಿಗೆ ನಾವು ಹೊರಟೆವು. ವಿಳಾಸವನ್ನು ಇಳಕಲ್ಲಿನ ಕಡೆ ತಿರುಗಿಸುವುದನ್ನು ಸರ್ ಮರೆತರು. ಅವರಿಗೆ ನೆನಪಿಸುವುದನ್ನು ನಾನು ಮರೆತೆ. ಕಥೆಯಲ್ಲಿ ಒಬ್ಬರು ಮರೆತರು ಎನ್ನುತ್ತಾರಲ್ಲ, ಲೆಕ್ಕ ತಪ್ಪು. ಮರೆತವರು ಇಬ್ಬರು. ಇಬ್ಬರೂ ಬಾಗಲಕೋಟೆಯವರು.

ಆ ಮದುವೆಯ ಮನೆಯವರು ಆಕೆಯ ಓಣಿಯವರೇ. ಬಾಗಲಕೋಟೆಗೆ ಹೋಗಿ ಸೀರೆ ತರುತ್ತೇವೆ ಎಂದು ಹೊರಟವರನ್ನು ತಡೆದು, ನಮ್ಮ ಅಂಗಡಿಯಲ್ಲಿ ನಾನು ನಿಂತು ಮಾಡಿಸಿಕೊಡುತ್ತೇನೆ ಎಂದು ಕರೆತಂದವಳೂ ಆಕೆಯೇ. ಮದುಮಗಳಿಗೂ ನಾಲ್ವರು ಸೋದರತ್ತೆಯರಿಗೂ ಒಂದೇ ದಾಳಿಂಬೆ ಕೆಂಪು, ಗೋಮಿ ದಡಿ, ತೋಪು ತೆನೆಯ ಸೆರಗು. ಆಕೆ ಅವರ ಮುಂದೆಯೇ ಆರ್ಡರ್ ಹಾಕಿದಳು. ಹಸಿರು ಗುರುತು ಬಂತು. ಅವರಿಗೂ ತೋರಿಸಿದಳು.

ಹೇಳಿದ ದಿನ ಮದುಮಗಳ ತಾಯಿ, ಇಬ್ಬರು ಅತ್ತೆಯರು ಅಂಗಡಿಗೆ ಬಂದರು. ಇಳಕಲ್ಲಿನಿಂದ ಬಂದ ಗಂಟಿನಲ್ಲಿ ಆ ಸೀರೆಗಳಿರಲಿಲ್ಲ. ಫೋನ್ ಮಾಡಿದರೆ, ಅಂಥ ಆರ್ಡರೇ ಬಂದಿಲ್ಲ ಎಂದರು. ಆಕೆ ತನ್ನ ಪರದೆ ತೆರೆದು, "ಇಲ್ಲಿ ಐತಿ ನೋಡ್ರಿ," ಎಂದು ತೋರಿಸಿದಳು. ಅವತ್ತು ಸಾಹುಕಾರರು ಬಾದಾಮಿಯಲ್ಲೇ ಇದ್ದರು.

"ಐತಿ, ಈಗ ಹಾಕೀದಿ ಅದಕ್ಕ ಐತಿ," ಎಂದರಂತೆ. "ತಾರೀಖು ಬರಿಯೂದು ನಿನ್ನ ಕೈಯಾಗ ಐತಲ್ಲ. ಹಿಂದಿಂದು ಬರದೀದಿ."

"ದೇವಿ ಆಣಿ, ಇವರ ಮುಂದ ಹಾಕೇನ್ರಿ."

"ಅವರು ಮಷೀನಿನ್ಯಾಗಿಂದು ಓದಾಕ ಬಂದಿದ್ರೇನು?"

ಸಾಹುಕಾರರು ನಮ್ಮ ಸರ್‌ಗೆ ಫೋನ್ ಮಾಡಿದರು, ಸರ್ ನನಗೆ ಹೇಳಿದರು. ನಾನು ಬಾಗಲಕೋಟೆಯ ಕುರ್ಚಿಯಿಂದ ಏಳದೆ ಬಾದಾಮಿಯ ಯಂತ್ರದ ದಾಖಲೆ ತೆರೆದೆ. ದಿನವೂ ಮೂರು ಪರೀಕ್ಷೆ, ದಿನವೂ ಪಾಸು. ಐದು ನಿಮಿಷದಲ್ಲಿ ಒಂದು ಸಂದೇಶ ಬರೆದು ಕಳಿಸಿದೆ: 'ಬಾದಾಮಿಯ ಯಂತ್ರದಲ್ಲಿ ಹೆಸರು ಸರಿ ಇದೆ. ಸಂಪರ್ಕ ಸರಿ ಇದೆ. ಪ್ರೋಗ್ರಾಂನಲ್ಲಿ ದೋಷವಿಲ್ಲ.' ಮೂರು ವಾಕ್ಯ. ಮೊದಲ ಎರಡು ನಿಜ. ಮೂರನೆಯದು ಆ ಎರಡರ ಬೆನ್ನೇರಿ ಒಳಗೆ ಬಂತು.

ಸಾಹುಕಾರರು ಅದನ್ನು ಮದುಮಗಳ ತಾಯಿಯ ಎದುರೇ ಗಟ್ಟಿಯಾಗಿ ಓದಿದರಂತೆ. "ಕೇಳ್ರಿ, ಇಂಜಿನಿಯರ್ ಬಾಯಿ ಬರದಾರ. ಮಷೀನ್ ಸರಿ ಐತಿ. ಮತ್ತ ತಪ್ಪು ಯಾರದು?" ಆ ಮನೆಯವರು ಐದು ಬಣ್ಣದ ಐದು ಸಿದ್ಧ ಸೀರೆ ತೆಗೆದುಕೊಂಡು ಹೋದರು. ಹೋಗುವಾಗ ಮದುಮಗಳ ತಾಯಿ ಆಕೆಗೆ, "ಮರತಿದ್ರ ಮರತೇನಿ ಅನಬೇಕಿತ್ತವಾ, ದೇವಿ ಆಣಿ ಯಾಕ ಮಾಡಿದಿ?" ಎಂದರಂತೆ. ಮರುದಿನದಿಂದ ಬರಬೇಡ ಎಂದು ಸಾಹುಕಾರರು ಹೇಳಿದ್ದು ಆಮೇಲೆ.

ಹತ್ತು ದಿನದ ನಂತರ, ಆ ಜಾಗಕ್ಕೆ ಬಂದ ಹೊಸಬಳಿಗೆ ಕಲಿಸಲು ನನ್ನನ್ನು ಬಾದಾಮಿಗೆ ಕಳಿಸಿದರು. ತೋರಿಸಲಿಕ್ಕೆಂದು ಒಂದು ಸುಳ್ಳು ಆರ್ಡರ್ ಹಾಕಿದೆ. ಹಸಿರು ಗುರುತು ಬಂತು. ಯಾಕೋ ಬಸ್ಸಿನ ಮಾತು ನೆನಪಾಗಿ, ಇಳಕಲ್ಲಿಗೆ ಫೋನ್ ಮಾಡಿ ಕೇಳಿದೆ: ಬಂತೇನ್ರಿ? ಇಲ್ಲರಿ, ಎಂದರು. ಮತ್ತೊಮ್ಮೆ ಹಾಕಿದೆ. ಹಸಿರು. ಬಂತೇನ್ರಿ? ಇಲ್ಲರಿ. ಆಗ ಪಟ್ಟಿ ತೆರೆದು ವಿಳಾಸ ನೋಡಿದೆ. ದೇವಿಯ ಹೆಸರು ಇಳಕಲ್ಲಿಗೆ ಹೋಗುತ್ತಿರಲಿಲ್ಲ. ಅದೇ ಯಂತ್ರದ ಹೊಟ್ಟೆಯೊಳಗಿನ ತಾಲೀಮಿನ ಪ್ರತಿಗೆ ಹೋಗಿ ನಿಲ್ಲುತ್ತಿತ್ತು.

ನನ್ನ ಎರಡು ಸುಳ್ಳು ಆರ್ಡರು ಬಿಟ್ಟರೆ ಆ ಪ್ರತಿಯಲ್ಲಿ ಹನ್ನೊಂದು ಆರ್ಡರುಗಳಿದ್ದವು, ಹನ್ನೊಂದು ಬೇರೆ ಬೇರೆ ಮನೆಯವು. ಬಣ್ಣ, ದಡಿ, ಸೆರಗು, ಬೇಕಾದ ದಿನ, ಫೋನ್ ನಂಬರು. ಒಂದು ಜಾಗವನ್ನೂ ಆಕೆ ಖಾಲಿ ಬಿಟ್ಟಿರಲಿಲ್ಲ. ಆಕೆ ಬರೆಯುವ ತಾರೀಖಿನ ಜೊತೆ, ಯಾರ ಕೈಗೂ ಸಿಗದಂತೆ ಯಂತ್ರವೇ ಹಾಕಿಕೊಳ್ಳುವ ಇನ್ನೊಂದು ತಾರೀಖು ಇರುತ್ತದೆ. ಎರಡೂ ಹನ್ನೊಂದು ಕಡೆಯೂ ಒಂದೇ. ಐದು ದಾಳಿಂಬೆ ಕೆಂಪು ಸೀರೆಗಳದ್ದು ಮೊದಲನೆಯದು. ಕೊಡುವ ದಿನ ಎಲ್ಲಕ್ಕಿಂತ ಮೊದಲು ಬಂದದ್ದೂ ಅದರದೇ.

ನಾಚಿಕೆಯ ಸಂಗತಿ ಏನೆಂದರೆ, ಇದು ನನಗೆ ಹೊಸ ಪಾಠವಾಗಿರಬಾರದಿತ್ತು. ನಮ್ಮದು ಹಳೇ ಬಾಗಲಕೋಟೆಯ ಮನೆ. ಮನೆ ಅಣೆಕಟ್ಟಿನ ಹಿನ್ನೀರಿನ ಕೆಳಗೆ ಹೋಗಿ, ನವನಗರದ ಒಂದು ಸೆಕ್ಟರಿನಲ್ಲಿ ನಂಬರು ಸಿಕ್ಕು ವರ್ಷಗಳಾದರೂ ನಮ್ಮ ಅಜ್ಜಿ ಎಲ್ಲಿಯವರು ಎಂದು ಕೇಳಿದರೆ ಹಳೆಯ ಓಣಿಯ ಹೆಸರೇ ಹೇಳುತ್ತಾಳೆ. ಹೆಸರಿನಲ್ಲಿ ತಪ್ಪಿಲ್ಲ. ಆ ಹೆಸರು ಹಿಡಿದು ಹೋದರೆ ಮೀನು ಸಿಗುತ್ತವೆ, ಅಜ್ಜಿ ಸಿಗುವುದಿಲ್ಲ. ಈ ಜೋಕನ್ನು ಮನೆಯಲ್ಲಿ ನೂರು ಸಲ ಮಾಡಿದವಳು ನಾನು. ಕೋಡ್ ಬರೆಯುವಾಗ ಮಾತ್ರ ಅದು ಜೋಕಾಗಿಯೇ ಉಳಿದಿತ್ತು.

ಬಾಗಲಕೋಟೆಗೆ ಬಂದು ಸರ್ ಮುಂದೆ ಹನ್ನೊಂದು ಆರ್ಡರುಗಳ ಪ್ರಿಂಟ್ ಇಟ್ಟೆ. ಅವರು ಪುಟ ತಿರುಗಿಸಿದರು, ನೀರು ಕುಡಿದರು.

"ಮಂಗ್ಯಾಂದು ತಪ್ಪು ಇದು," ಎಂದರು.

"ಸರ್, ಮಂಗ್ಯಾ ಕೇಬಲ್ ಹರದೈತಿ. ವಿಳಾಸ ತಿದ್ದಿಲ್ಲ."

"ನೋಡವಾ, ವಾದ ಮಾಡಬ್ಯಾಡ. ನಾ ಸಾಹುಕಾರ್ರಿಗೆ ಹೇಳ್ತೇನಿ, ಸೆಟ್ಟಿಂಗ್ ಸ್ವಲ್ಪ ಅದಲು ಬದಲು ಆಗಿತ್ತು, ಸರಿ ಮಾಡೇವಿ, ಹತ್ತು ಆರ್ಡರ್ ಸಿಕ್ಕಾವು ಅಂತ. ಖುಷಿ ಆಗ್ತಾರ."

"ಹನ್ನೊಂದ್ರಿ ಸರ್."

"ಹನ್ನೊಂದನೇದು ಮುಗದ ಹೋಗೈತಲ್ಲ."

ಹಾಗೆ ಐದು ಸೀರೆಗಳು ಎರಡನೇ ಸಲ ಕಾಣೆಯಾದವು. ಉಳಿದ ಹತ್ತು ಆರ್ಡರುಗಳು ಅವತ್ತೇ ನೇಕಾರರ ಮನೆ ಮುಟ್ಟಿದವು, ಹೇಳಿದ ದಿನಕ್ಕೆ ಸೀರೆಗಳಾಗಿ ಬಂದವು. ಸಾಹುಕಾರರು ಖುಷಿಯಾದರು. ಖುಷಿಯಾಗಿ, ಒಂದೇ ಹೆಸರಿದ್ದರೆ ಮತ್ತೆ ಅದಲು ಬದಲಾದೀತು, ಇನ್ನು ಮುಂದೆ ನಾಲ್ಕೂ ಅಂಗಡಿಗಳ ಕಂಪ್ಯೂಟರಿನಲ್ಲಿ ಹೆಸರನ್ನು ಬೇರೆ ಬೇರೆ ಮಾಡಿರಿ ಎಂದು ಹೇಳಿ ಕಳಿಸಿದರು. ಒಳ್ಳೆಯ ದಿನ ನೋಡಿಸಿ, ಶುಕ್ರವಾರ ಮುಂಜಾನೆ, ಕಂಪ್ಯೂಟರಿನ ಮುಂದೆ ಕಾಯಿ ಒಡೆದು, ದೇವಿಯ ಕ್ಷಮೆ ಕೇಳಿ, ಹೆಸರಿನ ಹಿಂದೆ ಊರಿನ ಹೆಸರು ಹಾಕಿಸಿದರು. ಊರಿಗೊಂದು ದೇವಿ ಆಯಿತು. ನನ್ನ ಕೋಡಿಗೂ ನಾನು ನಾಲ್ಕನೆಯ ಪರೀಕ್ಷೆ ಸೇರಿಸಿದೆ: ಹಸಿರು ಗುರುತು ತೋರಿಸುವ ಮೊದಲು, ಆ ಕಡೆಯ ಯಂತ್ರವನ್ನು ನೀನು ಯಾವ ಊರಿನದು ಎಂದು ಕೇಳಿ, ಇಳಕಲ್ ಎಂಬ ಉತ್ತರ ಬಂದರೆ ಮಾತ್ರ ಮುಂದೆ ಹೋಗು. ಬಸ್ ಹತ್ತಿದ ಮೇಲೆ ಡ್ರೈವರನ್ನು ಕೇಳುವುದು.

ಕಥೆ ಮಾತ್ರ ಬದಲಾಗಲಿಲ್ಲ. ಬಾದಾಮಿ ಹುಡುಗಿ ಮರೆತಳು, ಮೊಬೈಲ್ ನೋಡುತ್ತಿದ್ದಳು.

ಆಕೆ ಹುನಗುಂದದ ತವರಿಗೆ ಬಂದಿದ್ದಾಳೆ ಎಂದು ತಿಳಿದು, ಒಂದು ಭಾನುವಾರ ಅಲ್ಲಿಗೆ ಹೋದೆ. ಹಿತ್ತಲಿನಲ್ಲಿ ಶೇಂಗಾ ಬಿಡಿಸುತ್ತ ಕುಳಿತಿದ್ದಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ಸರ್ ಮರೆತದ್ದು, ನಾನು ಮರೆತದ್ದು, ನನ್ನ ಮೂರು ವಾಕ್ಯ. ಆಕೆ ಬೈಯಬಹುದು ಎಂದುಕೊಂಡಿದ್ದೆ. ಬೈದಿದ್ದರೆ ಉತ್ತರಿಸಲು ಒಂದೆರಡು ಮಾತು ದಾರಿಯಲ್ಲಿ ತಯಾರು ಮಾಡಿಕೊಂಡೂ ಬಂದಿದ್ದೆ.

"ನನಗ ಗೊತ್ತಿತ್ತು ತಂಗಿ," ಎಂದಳು. ಅಂಗಡಿಯಲ್ಲಿ ಮೇಡಮ್ಮರ ಎನ್ನುತ್ತಿದ್ದವಳು ಇಲ್ಲಿ ತಂಗಿ ಎಂದಳು. "ನಾ ಹಾಕಿದ್ದು ನನಗ ಗೊತ್ತಿರೂದಿಲ್ಲೇನು?"

"ಮತ್ತ ಕೆಲಸಕ್ಕ ಕರಿಯಾಕ ಹೇಳ್ತೇನ್ರಿ ಅಕ್ಕಾರ. ನನ್ನ ಕಡೆ ಪ್ರಿಂಟ್ ಅದಾವು."

"ಕೆಲಸ ಬಿಡು. ಇಲ್ಲೊಂದು ಸಾಲ್ಯಾಗ ಬರದುಕೊಡೂ ಕೆಲಸ ಐತಿ ಅಂದಾರ." ಶೇಂಗಾದ ಸಿಪ್ಪೆಯನ್ನು ಒಂದು ಕಡೆ ಸರಿಸಿದಳು. "ಆದ್ರ ನಮ್ಮ ಮನಿಯವರು, ಮಕ್ಕಳು ಬಾದಾಮ್ಯಾಗ ಅದಾರ. ಆ ಓಣಿಗೇ ನಾ ತಿರುಗಿ ಹೋಗಬೇಕು. ನೀರಿನ ನಳದ ಮುಂದ ನಿಂತ್ರ, ಸುಳ್ಳ ಆಣಿ ಮಾಡಿದಾಕಿ ಬಂದ್ಲು ಅಂತಾರ. ಸಾಹುಕಾರ್ರು ಒಂದ ಸಲ ಆ ಮದುಮಗಳ ಅವ್ವಗ ಹೇಳ್ಲಿ: ಈಕಿ ಹಾಕಿದ್ಲು ಅಂತ. ಫೋನಿನ್ಯಾಗ ಹೇಳಿದ್ರೂ ನಡೀತೈತಿ. ಅಷ್ಟ ಸಾಕು."

"ನಾನ ಹೋಗಿ ಹೇಳ್ತೇನ್ರಿ."

"ನೀ ಹೇಳಿದ್ರ ಯಾರು ಕೇಳ್ತಾರ? ಮಷೀನ್ ಸರಿ ಐತಿ ಅಂತ ಬರದಾಕಿ ನೀನ ಅಲ್ಲ?"

ಆಕೆ ಒಂದು ಮುಷ್ಟಿ ಶೇಂಗಾ ನನ್ನ ಕೈಗೆ ಹಾಕಿದಳು. ತಿನ್ನುತ್ತ ಕುಳಿತೆ.

ಹುನಗುಂದದಿಂದ ಇಳಕಲ್ ಎಷ್ಟು ದೂರ? ಬಸ್ಸಿನಲ್ಲಿ ಕೂತು ವಾದವನ್ನು ಜೋಡಿಸಿ ಮುಗಿಸುವಷ್ಟೂ ಇಲ್ಲ. ಸಾಹುಕಾರರು ಗಾದಿಯ ಮೇಲಿದ್ದರು. ಮುಂದೆ ಇಬ್ಬರು ಗಿರಾಕಿಗಳು, ಹರವಿದ ಸೀರೆಗಳು. ನನ್ನನ್ನು ನೋಡಿ ನಕ್ಕು ಚಹಾ ಹೇಳಿದರು. ಗಿರಾಕಿಗಳು ಹೋಗುವವರೆಗೆ ಕಾದು, ಪ್ರಿಂಟನ್ನು ಅವರ ಮುಂದೆ ಬಿಡಿಸಿ, ಮೊದಲ ಸಾಲಿನ ಮೇಲೆ ಬೆರಳಿಟ್ಟು, ಎರಡೂ ತಾರೀಖು ತೋರಿಸಿ, ಮೂರು ವಾಕ್ಯ ಬರೆದ ತಪ್ಪು ನನ್ನದು ಎಂದು ಹೇಳಿದೆ.

ಕನ್ನಡಕ ಹಾಕಿಕೊಂಡು ಓದಿದರು. ಪೂರ್ತಿ ಓದಿದರು; ಅದರಲ್ಲಿ ಮೋಸವಿಲ್ಲ.

"ಆಗಿದ್ದು ಆತು ಬಿಡವಾ. ಮದಿವಿ ಆಗೇತಿ, ಆ ಹುಡುಗಿ ಗಂಡನ ಮನಿಗೆ ಹೋಗ್ಯಾಳ."

"ನಮ್ಮ ಅಕ್ಕಾರು ಅದ ಓಣಿಗೆ ತಿರುಗಿ ಹೋಗಬೇಕಲ್ರಿ. ಒಂದು ಫೋನ್ ಮಾಡ್ರಿ. ಈಕಿ ಹಾಕಿದ್ಲು ಅಂತ ಒಂದ ಮಾತು."

"ಹಂಗ ಅಂದ್ರ ತಪ್ಪು ಯಾರದು ಅಂತ ಕೇಳ್ತಾರ. ಅಂಗಡೀದು ಅನ್ಲ್ಯಾ? ದೇವಿ ಹೆಸರಿಂದು ಅನ್ಲ್ಯಾ?"

"ನಮ್ಮದು ಅನ್ರಿ. ಬಾಗಲಕೋಟಿಯಾವ್ರದು ಅನ್ರಿ."

"ನಿಮ್ಮನ್ನ ತಂದಾಂವ ನಾನ ಅಲ್ಲ?" ಎಂದು ಪ್ರಿಂಟನ್ನು ಮೊದಲಿದ್ದ ಮಡಿಕೆಯಲ್ಲೇ ಮಡಚಿ ನನ್ನ ಕಡೆ ಸರಿಸಿದರು. "ಎಂಟ್ರಿ ಆಕೀ ಕೆಲಸ. ತಪ್ಪು ಆಕೀದು. ಎಲ್ಲಾರಿಗೂ ಗೊತ್ತೈತಿ, ಮುಗೀತು. ಚಾ ಆರತೈತಿ ನೋಡು."

ಅವರು ಕನ್ನಡಕ ತೆಗೆದು, ಮುಂದೆ ಹರವಿದ್ದ ಸೀರೆಯ ಸೆರಗನ್ನು ಮಡಚತೊಡಗಿದರು. ದಾಳಿಂಬೆ ಕೆಂಪಿನದೇ. ಹಿಂದಿನ ಗೋಡೆಯಲ್ಲಿ, ದೇವಿಯ ಫೋಟೋದ ಕೆಳಗೆ, ಕಂಪ್ಯೂಟರಿನ ಮೇಲೆ ಶುಕ್ರವಾರದ ಕುಂಕುಮ ಇನ್ನೂ ಇತ್ತು. ನಾನು ಚಹಾ ಮುಟ್ಟಲಿಲ್ಲ.

"ಸಾಹುಕಾರ್ರ, ಒಂದ ಮಾತು ಕೇಳ್ತೇನ್ರಿ. ತಪ್ಪು ಆಕೀದು ಅಂತ ಆಕೀನ್ನ ಬದಲಿ ಮಾಡಿದ್ರಿ. ಹಂಗಾರ ಹೆಸರು ಯಾಕ ಬದಲಿ ಮಾಡಿಸಿದ್ರಿ?"